ಎಣ್ಣೆ ಮೂಸುವ ಕೆಲಸ

ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ದಾಟಿ ಸ್ವಲ್ಪ ದೂರ ನಡೆದರೆ ನಮ್ಮ ಅತ್ತೆಯ ಮನೆ. ಮನೆಯ ಹಿಂದೆ ನಾಡಹೆಂಚಿನ ಒಂದು ಉದ್ದನೆಯ ಶೆಡ್ಡು. ಅಲ್ಲಿ ಬಟ್ಟೆ ಒಗೆಯುವ ಸೋಪು ತಯಾರಾಗುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ತವರಿನಲ್ಲಿ ಮೂರು ಎಮ್ಮೆ, ಎರಡು ಸೀಮೆ ಹಸು ಇದ್ದವು. ಹಾಲು, ಮೊಸರು, ಬೆಣ್ಣೆಯ ನಡುವೆ ಬೆಳೆದವಳು. ಗಡಿಗೆಯ ಮುಚ್ಚಳ ತೆಗೆದ ಕೂಡಲೇ ನಿನ್ನೆಯ ಬೆಣ್ಣೆ ಯಾವುದು, ನಾಲ್ಕು ದಿನದ್ದು ಯಾವುದು ಎಂದು ಹೇಳುತ್ತಿದ್ದೆ. ಹಳ್ಳಿಯ ಎಲ್ಲ ಹೆಣ್ಣುಮಕ್ಕಳಿಗೂ ಅದು ಗೊತ್ತಿರುತ್ತದೆ ಎಂದೇ ನಾನು ತಿಳಿದಿದ್ದೆ.

ಸೋಪಿನ ಕೆಲಸ ಶುರು ಮಾಡಿದವರು ನಮ್ಮ ಮಾವ. ನಾನು ಬರುವ ಹೊತ್ತಿಗೆ ಅವರು ತೀರಿಕೊಂಡು ಆರೇಳು ವರ್ಷವಾಗಿತ್ತು. ಆಮೇಲೆ ಅತ್ತೆಯೇ ಅದನ್ನು ನಡೆಸಿಕೊಂಡು ಬಂದಿದ್ದರು. ಕೊಪ್ಪರಿಗೆಯ ಮುಂದೆ ನಿಂತು ಕಾಸ್ಟಿಕ್ ಸೋಡಾದ ನೀರು ಹದ ನೋಡುವುದು, ಎಣ್ಣೆ ಸುರಿಸುವುದು, ಮರದ ಅಚ್ಚಿಗೆ ಹೊಯ್ಸುವುದು, ಗಟ್ಟಿಯಾದ ಮೇಲೆ ತಂತಿಯಿಂದ ಕೊಯ್ಸುವುದು, ಎಲ್ಲಕ್ಕೂ ಅವರೇ. ಶೆಡ್ಡಿನಲ್ಲಿ ಕೆಲಸಕ್ಕೆ ಪಕ್ಕದ ಬೀದಿಯ ಇಬ್ಬರು ಹೆಂಗಸರು ಬರುತ್ತಿದ್ದರು. ಒಣಗಿದ ಸೋಪನ್ನು ನಮ್ಮ ಯಜಮಾನರು ಗೋಣಿಚೀಲದಲ್ಲಿ ತುಂಬಿಕೊಂಡು ಬೆಳಗಿನ ಮಾರಿಕುಪ್ಪಂ ರೈಲಿಗೆ ಹತ್ತುತ್ತಿದ್ದರು. ಅಲ್ಲಿಯ ಚಿನ್ನದ ಗಣಿ ಕಾರ್ಮಿಕರ ಲೈನುಗಳಲ್ಲಿ, ಎಂದರೆ ಸಾಲುಮನೆಗಳಲ್ಲಿ, ನಮ್ಮ ಸೋಪಿಗೆ ಒಳ್ಳೆಯ ಹೆಸರಿತ್ತು. ಭೂಮಿಯೊಳಗಿಂದ ಮೇಲೆ ಬಂದವರ ಅಂಗಿಯಲ್ಲಿ ಗ್ರೀಸು, ಬೂದು ಬಣ್ಣದ ಕಲ್ಲಿನ ಪುಡಿ, ಬೆವರು ಮೂರೂ ಸೇರಿ ಒಂದು ಪದರವೇ ಕಟ್ಟಿರುತ್ತಿತ್ತು. ಅದನ್ನು ಬಿಡಿಸಲು ಅಂಗಡಿಯ ಸೋಪು ಸಾಲದು ಎನ್ನುತ್ತಿದ್ದರು ಅಲ್ಲಿಯ ಹೆಂಗಸರು.

ಆ ಹೆಸರಿನ ಗುಟ್ಟು ಕೊಪ್ಪರಿಗೆಯಲ್ಲಿಲ್ಲ, ಎಣ್ಣೆ ಕೋಣೆಯಲ್ಲಿದೆ ಎಂದು ಅತ್ತೆ ಹೇಳುತ್ತಿದ್ದರು. ಹೊಂಗೆಬೀಜ ಕೈಗೆ ಬರುವುದು ಬೇಸಿಗೆಯಲ್ಲಿ. ಆಗ ಗಾಣಕ್ಕೆ ಹಾಕಿಸಿದ ಎಣ್ಣೆಯೇ ಮುಂದಿನ ಬೇಸಿಗೆಯ ತನಕ ಬರಬೇಕು. ಒಂದು ವರ್ಷ ಎಣ್ಣೆಯನ್ನು ಕೆಡದಂತೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಬಿಸಿಲಿನಲ್ಲಿ ಸುಲಭವಲ್ಲ. ಜೊತೆಗೆ ಇಪ್ಪೆ ಎಣ್ಣೆ, ಬೇವಿನ ಎಣ್ಣೆ, ನೊರೆ ಬರಲು ಒಂದಿಷ್ಟು ಕೊಬ್ಬರಿ ಎಣ್ಣೆ.

ಶೆಡ್ಡಿನ ಉತ್ತರದ ತುದಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿದರೆ ಆ ಕೋಣೆ. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ. ಕಿಟಕಿಯಿಲ್ಲ, ಮಾಡಿನ ಕೆಳಗೆ ಅಂಗೈಯಗಲದ ಒಂದು ಕಿಂಡಿ ಮಾತ್ರ. ನೆಲದ ಮೇಲೆ ಮರಳು ಹಾಸಿ, ಪಿಂಗಾಣಿ ಜಾಡಿಗಳನ್ನು ಕತ್ತಿನ ತನಕ ಅದರಲ್ಲಿ ಹೂತಿದ್ದರು. ಬೇಸಿಗೆಯಲ್ಲಿ ದಿನಕ್ಕೆರಡು ಸಲ ಮರಳಿಗೆ ನೀರು ಚಿಮುಕಿಸಬೇಕು, ಬಾಗಿಲಿಗೆ ನೆನೆಸಿದ ಗೋಣಿತಾಟು ಇಳಿಬಿಡಬೇಕು. ಆದರೆ ಒಂದು ತೊಟ್ಟು ನೀರೂ ಜಾಡಿಯೊಳಗೆ ಬೀಳಬಾರದು. ಪಾತ್ರೆ ಯಾವಾಗಲೂ ಕಂಠಪೂರ್ತಿ ತುಂಬಿರಬೇಕು. ಎಣ್ಣೆ ಇಳಿದಂತೆ ಅದನ್ನು ಚಿಕ್ಕ ಜಾಡಿಗೆ ಬದಲಾಯಿಸಬೇಕು, ಒಳಗೆ ಗಾಳಿಗೆ ಜಾಗ ಬಿಡಬಾರದು. ತಾಮ್ರ, ಹಿತ್ತಾಳೆಯ ಪಾತ್ರೆ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ತೆಂಗಿನ ಚಿಪ್ಪಿನ ಸೌಟು, ಅದೂ ಬಿಸಿಲಲ್ಲಿ ಒಣಗಿಸಿದ್ದು. ಹಳೆಯ ಎಣ್ಣೆಯ ಮೇಲೆ ಹೊಸತನ್ನು ಸುರಿಯುವುದಂತೂ ದೊಡ್ಡ ಅಪರಾಧ. ಹಳೆಯದರ ಕೆಡುಕು ಹೊಸದಕ್ಕೆ ಬೇಗ ಅಂಟುತ್ತದೆ ಎನ್ನುತ್ತಿದ್ದರು.

ಇಷ್ಟು ಮಾಡಿದ ಮೇಲೂ ಕೊನೆಯ ಮಾತು ಅತ್ತೆಯ ಮೂಗಿನದು. ಗಾಣದವರು ತಂದ ಡಬ್ಬ ಇರಲಿ, ಒಳಗಿನ ಜಾಡಿ ಇರಲಿ, ಮುಚ್ಚಳ ತೆಗೆದು ಬಗ್ಗಿ, ಕಣ್ಣು ಮುಚ್ಚಿ ಒಂದು ಸಲ ಉಸಿರು ಎಳೆದುಕೊಂಡು ಹೇಳಿಬಿಡುತ್ತಿದ್ದರು. ಹೊಂಗೆ ಎಣ್ಣೆಗೆ ಮೊದಲೇ ಘಾಟು. ಅದರಲ್ಲಿ ಒಳ್ಳೆಯ ಘಾಟು ಯಾವುದು, ಕಮಟು ವಾಸನೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ನಾನು ಬಂದ ಮೊದಲ ವರ್ಷ ಅವರು ಒಂದು ಜಾಡಿ ಬೇವಿನ ಎಣ್ಣೆಯನ್ನು ಮೂಸಿ, ಇನ್ನು ಇಪ್ಪತ್ತು ದಿನ ತಡೆಯುತ್ತದೆ, ಮೊದಲು ಇದನ್ನು ಮುಗಿಸಿ ಎಂದರು. ಅವರು ಹೇಳಿದ್ದು ಸರಿ ಎಂದು ನನಗೂ ಮೂಗಿಗೆ ಗೊತ್ತಾಯಿತು. ನಾನು ಬಾಗಿಲ ಹೊರಗೇ ನಿಂತಿದ್ದೆ. ಆ ಕೋಣೆಗೆ ಅವರನ್ನು ಬಿಟ್ಟು ಇನ್ನೊಬ್ಬರು ಇಳಿಯುತ್ತಿರಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ಮೂಗು ಕಟ್ಟಿ, ತಲೆ ಎತ್ತಲಾರದೆ ಹದಿನೈದು ದಿನ ಮಲಗಿದ್ದರು. ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಎಣ್ಣೆ ಕೋಣೆಯ ಹತ್ತಿರ ಕರೆದರು. ಇನ್ನು ಮೇಲೆ ಜಾಡಿಯ ಬಾಯಿ ಬಿಚ್ಚುವ ಕೆಲಸ ನಿನ್ನದು, ಹಾಗೇ ನೀನೂ ಮೂಸಿ ನೋಡಿ ಕಲಿತುಕೋ ಎಂದರು. ನನಗೆ ಹಿಗ್ಗೋ ಹಿಗ್ಗು. ಅತ್ತೆ ನನ್ನನ್ನು ಈ ಮನೆಯವಳೆಂದು ಒಪ್ಪಿಕೊಂಡರು ಎಂದುಕೊಂಡೆ.

ಅಂದಿನಿಂದ ಒಂದು ಕ್ರಮ ಬಿದ್ದಿತು. ನಾನು ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು ಮೊದಲು ಬಗ್ಗುತ್ತಿದ್ದೆ. ಆಮೇಲೆ ಅವರು ಬಗ್ಗುತ್ತಿದ್ದರು. ಆಮೇಲೆ ತೀರ್ಪು. ನನ್ನನ್ನು ಒಂದು ಮಾತೂ ಕೇಳುತ್ತಿರಲಿಲ್ಲ. ಆದರೆ ನಾನು ಏನಂದುಕೊಂಡಿದ್ದೆನೋ ಅವರೂ ಪ್ರತಿ ಸಲ ಅದನ್ನೇ ಹೇಳುತ್ತಿದ್ದರು. ಕೊಬ್ಬರಿ ಎಣ್ಣೆಯ ಒಂದು ಜಾಡಿ ಸ್ವಲ್ಪ ಹುಳಿ ತಿರುಗಿದಂತೆ ಅನಿಸಿದಾಗ ನನ್ನ ಹುಬ್ಬು ಗಂಟಿಕ್ಕಿರಬೇಕು. ಅತ್ತೆ ಅದನ್ನು ಬೇರೆ ತೆಗೆದಿಡಿಸಿದರು. ನನ್ನ ಮೂಗು ಅವರ ಮೂಗಿನಷ್ಟೇ ಪಳಗುತ್ತಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಬೇಸಿಗೆ ಬಂತು. ನಮಗೆ ಹೊಂಗೆ ಎಣ್ಣೆ ತರುತ್ತಿದ್ದವರು ಕಾಮಸಮುದ್ರದ ಕಡೆಯ ಒಬ್ಬ ಗಾಣದವರು. ಅವರ ತಂದೆ ನಮ್ಮ ಮಾವನಿಗೆ ಎಣ್ಣೆ ಹಾಕುತ್ತಿದ್ದರಂತೆ, ಆಮೇಲೆ ಇವರು. ಅತ್ತೆಯನ್ನು ಅಕ್ಕಯ್ಯ ಎಂದು ಕರೆಯುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಕಡಿಮೆ ಮಾತು. ಡಬ್ಬಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಬಸ್ ಸ್ಟ್ಯಾಂಡಿನಿಂದ ತಳ್ಳುಗಾಡಿಯಲ್ಲಿ ಮನೆ ಬಾಗಿಲ ತನಕ ತಾವೇ ತಂದು ಇಳಿಸುತ್ತಿದ್ದರು. ಒಂದು ಹನಿ ಚೆಲ್ಲಿದ್ದನ್ನು ಯಾರೂ ಕಂಡಿರಲಿಲ್ಲ.

ಆ ದಿನ ಬೆಳಗಿನಿಂದ ನನಗೆ ಮೈ ಹುಷಾರಿರಲಿಲ್ಲ. ಬಿಸಿಲಿಗೆ ಇರಬೇಕು ಎಂದುಕೊಂಡಿದ್ದೆ. ಗಾಣದವರು ಎಂಟು ಡಬ್ಬ ಇಳಿಸಿ, ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡು ನಿಂತರು. ಶೆಡ್ಡಿನ ಹೆಂಗಸರಿಬ್ಬರೂ ಅಲ್ಲೇ ಇದ್ದರು. ಪಕ್ಕದ ಮನೆಯವರು ನೀರಿಗೆಂದು ಬಂದವರು ಹಾಗೇ ನೋಡುತ್ತಾ ನಿಂತಿದ್ದರು. ಅತ್ತೆ ನನಗೆ ಸನ್ನೆ ಮಾಡಿದರು. ನಾನು ಮೊದಲನೆಯ ಡಬ್ಬದ ಮುಚ್ಚಳ ತೆಗೆದು ಬಗ್ಗಿದೆ.

ಹೊಂಗೆಯ ಘಾಟು ಮುಖಕ್ಕೆ ಹೊಡೆದದ್ದೇ ಹೊಟ್ಟೆ ತೊಳಸಿ ಬಂತು. ಬಾಯಿ ಬಿಗಿಹಿಡಿದು ಮುಖ ತಿರುಗಿಸಿದೆ. ಅತ್ತೆಯೂ ಬಗ್ಗಿ ಎದ್ದರು.

"ಬೇಡ," ಅಂದರು.

ಎರಡನೆಯ ಡಬ್ಬ. ಹೊಟ್ಟೆಯಿಂದ ಮತ್ತೆ ಅದೇ ಅಲೆ. ಅತ್ತೆ ಅದನ್ನೂ ಬೇಡವೆಂದರು. ಮೂರನೆಯದನ್ನು ತೆಗೆಸಲೇ ಇಲ್ಲ.

ಗಾಣದವರು ಮೊದಲು ಇದೇನೋ ತಮಾಷೆ ಎಂಬಂತೆ ನಕ್ಕರು. ಆಮೇಲೆ ಬೆರಳು ಅದ್ದಿ, ಅಂಗೈಗೆ ತಿಕ್ಕಿ, ಮೂಸಿ, ಅತ್ತೆಯ ಕಡೆ ಕೈ ಚಾಚಿದರು.

"ಮೊನ್ನೆ ಆಡ್ಸಿದ್ದು ಅಕ್ಕಯ್ಯ. ಇನ್ನೊಂದ್ ಕಿತ ನೋಡು."

"ಓದ್ ವರ್ಷದ್ದು ಬೆರ್ಸಿದೀಯ," ಎಂದರು ಅತ್ತೆ. "ನನ್ ಅತ್ರ ಈ ಆಟ ಬೇಡ. ತಗೊಂಡೋಗು."

ಗಾಣದವರು ವಾದ ಮಾಡಲಿಲ್ಲ. ಕೈಯನ್ನು ವಲ್ಲಿಗೆ ಒರೆಸಿಕೊಂಡು, ಕೂತು, ಎರಡು ಡಬ್ಬದ ಮುಚ್ಚಳವನ್ನೂ ಮತ್ತೆ ಬಿಗಿದರು. ಬಟ್ಟೆ ಕಟ್ಟಿದರು. ಎಂಟನ್ನೂ ಒಂದೊಂದಾಗಿ ಎತ್ತಿ ತಳ್ಳುಗಾಡಿಗೆ ಇಟ್ಟರು. ಮಜ್ಜಿಗೆ ಕುಡಿಯದೆ ಆ ಮನೆಯಿಂದ ಅವರು ಯಾವತ್ತೂ ಹೋದವರಲ್ಲ, ಅಂದು ಹೋದರು.

ನಾನು ಆ ಹೊತ್ತಿನಲ್ಲಿ ಬಾವಿಯ ಪಕ್ಕ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೆ ಕೋಪ ಬರುವುದು ಆ ವಾಂತಿಗಲ್ಲ. ಹೊಟ್ಟೆ ಏನೇ ಹೇಳಲಿ, ಮೂಗಿಗೆ ಸರಿಯಾಗಿ ಗೊತ್ತಾಗಿತ್ತು. ಆ ಎಣ್ಣೆ ಹೊಸದು. ಹೊಂಗೆಯ ಹಸಿ ಕಹಿ, ಒಂದಿಷ್ಟು ಸಿಪ್ಪೆಯ ವಾಸನೆ, ಅಷ್ಟೇ. ಕಮಟು ಎಳ್ಳಷ್ಟೂ ಇರಲಿಲ್ಲ. ಅತ್ತೆ ಬೇಡ ಎಂದಾಗ ನನಗೆ ಆಶ್ಚರ್ಯವೇ ಆಯಿತು. ಇಷ್ಟು ದಿನ ನಮ್ಮಿಬ್ಬರದೂ ಒಂದೇ ತೀರ್ಪಾಗಿತ್ತು, ಇಂದು ಬೇರೆಯಾಯಿತಲ್ಲ ಎಂದುಕೊಂಡೆ. ಮದುವೆಯಾಗಿ ಎರಡು ವರ್ಷವೂ ತುಂಬದ ಸೊಸೆ ನಾಲ್ಕು ಜನರ ಮುಂದೆ ಅತ್ತೆಯ ಮಾತಿಗೆ ಎದುರು ಹೇಳುವುದುಂಟೇ? ಅವರ ಮೂಗಿಗೆ ತಿಳಿದದ್ದು ನನಗೆ ತಿಳಿಯದೆ ಹೋಗಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಸುಳ್ಳು ಎಂದು ಆಗಲೂ ಗೊತ್ತಿತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ನಾನು ಬಸುರಿ ಎಂಬುದು ಮನೆಗೆಲ್ಲ ಗೊತ್ತಾಯಿತು. ಅತ್ತೆ ಸಂತೋಷಪಟ್ಟರು. ಆದರೆ ಅದೇಕೋ ಒಂದು ದಿನವಿಡೀ ಯಾರೊಂದಿಗೂ ಮಾತಾಡದೆ ಜಗಲಿಯ ಮೇಲೆ ಕೂತಿದ್ದರು. ಎಣ್ಣೆಯ ವಾಸನೆ ಬಸುರಿಗೆ ಆಗದು ಎಂದು ನನ್ನನ್ನು ಕೋಣೆಯ ಹತ್ತಿರ ಬರದಂತೆ ಮಾಡಿದರು.

ವರ್ಷದ ಎಣ್ಣೆ ಬೇಕಲ್ಲ. ನಮ್ಮ ಯಜಮಾನರು ರಾಬರ್ಟ್‌ಸನ್‌ಪೇಟೆಗೆ ಹೋಗಿ ಮಾರ್ಕೆಟ್ಟಿನ ಹಿಂದಿನ ಒಂದು ಮಂಡಿಯಿಂದ ಎರಡು ಡ್ರಮ್ ಹೊಂಗೆ ಎಣ್ಣೆ ತಂದರು. ಅವು ಎಷ್ಟು ದಿನದಿಂದ ಬಿಸಿಲಿನಲ್ಲಿ ನಿಂತಿದ್ದವೋ, ಡ್ರಮ್ಮಿನ ಮೈ ಮುಟ್ಟಿದರೆ ಸುಡುತ್ತಿತ್ತು. ಅಂಚಿನಲ್ಲಿ ತುಕ್ಕು. ಅತ್ತೆ ಬಗ್ಗಿ ನೋಡಿ, ಪರವಾಗಿಲ್ಲ ಎಂದರಂತೆ. ನಾನು ಅಡುಗೆಮನೆಯಲ್ಲಿದ್ದೆ. ಆ ಎಣ್ಣೆಯನ್ನೇ ಸೋಸಿ ಜಾಡಿಗಳಿಗೆ ತುಂಬಿ, ಮರಳಿನಲ್ಲಿ ಹೂತು, ಗೋಣಿತಾಟು ನೆನೆಸಿ ಕಾಪಾಡಿದ್ದಾಯಿತು. ಬರುವ ಮೊದಲೇ ಕೆಟ್ಟಿದ್ದ ಎಣ್ಣೆಗೆ ನಮ್ಮ ತಂಪು ಕೋಣೆ ಏನು ಮಾಡೀತು?

ಮಳೆ ಶುರುವಾದ ಮೇಲೆ ಸೋಪಿನ ಮೇಲೆ ಚುಕ್ಕೆ ಕಾಣಿಸಿಕೊಂಡವು. ತುಕ್ಕಿನ ಬಣ್ಣದವು, ಮೊದಲು ಸಾಸಿವೆ ಕಾಳಿನಷ್ಟು, ಒಂದೆರಡು ವಾರದಲ್ಲಿ ಕಡಲೆಯಷ್ಟು. ಕೈಯಲ್ಲಿ ಹಿಡಿದರೆ ಜಿಗುಟು. ಯಜಮಾನರು ಒಂದು ದಿನ ಮಾರಿಕುಪ್ಪಂನಿಂದ ತುಂಬಿದ ಚೀಲವನ್ನು ಹೋದಂತೆಯೇ ವಾಪಸು ತಂದರು. ಲೈನಿನ ಒಬ್ಬ ಹೆಂಗಸು, ನಮ್ಮ ಸೋಪನ್ನು ಬಿಟ್ಟು ಬೇರೆ ಮುಟ್ಟದವರು, ತಮಿಳು ಕನ್ನಡ ಬೆರೆಸಿ ಬೈದರಂತೆ. ಒಗೆದು ಒಣಗಿಸಿದ ಅಂಗಿ ಹಾಕಿಕೊಂಡು ಅವರ ಗಂಡ ಗಣಿಗೆ ಇಳಿದರೆ, ಜೊತೆಯವರು ದೂರ ಸರಿದು ನಿಂತರಂತೆ. ಇದನ್ನು ಹೇಳುವಾಗ ಯಜಮಾನರು ತಾಯಿಯ ಮುಖ ನೋಡಲಿಲ್ಲ. ಅತ್ತೆ ಒಂದು ಸೋಪನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಹಾಗೇ ಇದ್ದು, ಕೆಳಗಿಟ್ಟರು.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ, ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಸೀದ ಹಾಲಿನ ವಾಸನೆ ಅಲ್ಲಿಯ ತನಕ ಬಂತು. ಓಡಿ ಬಂದೆ. ಅಡುಗೆಮನೆಯ ಬಾಗಿಲಿನ ಹೊರಗೇ ಅತ್ತೆ ಒಳಕ್ಕೆ ಬೆನ್ನು ಹಾಕಿ ಕೂತು ರಾಗಿ ಹಸನು ಮಾಡುತ್ತಿದ್ದರು. ಒಳಗೆ ಪಾತ್ರೆಯ ತಳ ಕಪ್ಪಾಗಿ ಹೊಗೆ ಏಳುತ್ತಿತ್ತು. ಪಾತ್ರೆ ಇಳಿಸಿ, ಹೊರಗೆ ಬಂದು ಅವರ ಮುಂದೆ ನಿಂತೆ.

"ಆಲೆಲ್ಲ ಸೀದೋಯ್ತಲ್ಲ ಅತ್ತೆ. ವಾಸ್ನೆ ಬರ್ಲಿಲ್ವಾ?"

ಅವರು ಮೊರವನ್ನು ಕೆಳಗಿಟ್ಟರು. ನನ್ನ ಮುಖ ನೋಡಿದರು. ಆ ನೋಟ ನನಗೆ ಪರಿಚಿತವಾಗಿತ್ತು. ಪ್ರತಿ ಜಾಡಿಯ ಮುಂದೆಯೂ ಅವರು ನನ್ನನ್ನು ಹೀಗೇ ನೋಡುತ್ತಿದ್ದರು ಎಂದು ಆ ಗಳಿಗೆಯಲ್ಲಿ ಹೊಳೆಯಿತು.

"ಜ್ವರ ಬಂದು ಓದಾಗ್ಲಿಂದ ನಂಗೆ ಏನೂ ಗೊತ್ತಾಗಲ್ಲ ಕಣಮ್ಮ," ಎಂದರು. "ಊವಿನ್ ವಾಸ್ನೇನೂ ಇಲ್ಲ, ಸಗಣಿ ವಾಸ್ನೇನೂ ಇಲ್ಲ. ನಿನ್ ಮುಖ ನೋಡಿ ಏಳ್ತಿದ್ದೆ."

ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅವರು ಒಂದೊಂದಾಗಿ ಹೇಳಿದರು. ಮೊದಮೊದಲು ನೆಗಡಿ ಹೋದರೆ ಸರಿಹೋಗುತ್ತದೆ ಎಂದುಕೊಂಡಿದ್ದರು. ಸಾಂಬ್ರಾಣಿ ಹೊಗೆ ಹಿಡಿದರು, ಶುಂಠಿ ತೇದು ಹಚ್ಚಿದರು, ಯಾರಿಗೂ ಹೇಳದೆ ಒಬ್ಬರೇ ಹೋಗಿ ಡಾಕ್ಟರಿಗೆ ತೋರಿಸಿದರು. ವಾಸನೆ ಬರಲಿಲ್ಲ. ಊಟದಲ್ಲಿ ಉಪ್ಪು, ಹುಳಿ, ಖಾರ ಮೂರೇ ತಿಳಿಯುತ್ತಿದ್ದವು. ತಮ್ಮ ಮೂಗು ಹೋಯಿತೆಂದು ಊರಿಗೆ ತಿಳಿದರೆ ಸೋಪನ್ನು ಯಾರು ನಂಬುತ್ತಾರೆ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಗಂಡ ಬಿಟ್ಟುಹೋದ ಕೆಲಸದಲ್ಲಿ ತಮಗೆಂದು ಇದ್ದದ್ದು ಅದೊಂದೇ ವಿದ್ಯೆ, ಅದಿಲ್ಲದೆ ಆ ಕೋಣೆಯಲ್ಲಿ ತಮಗೇನು ಕೆಲಸ ಎಂಬ ಸಂಕಟ. ನನ್ನ ಮೂಗು ಚುರುಕು, ಮುಖ ಕನ್ನಡಿಯ ಹಾಗೆ ಎಲ್ಲವನ್ನೂ ತೋರಿಸಿಬಿಡುತ್ತದೆ, ಅದು ಅವರಿಗೆ ಮೊದಲಿಂದಲೂ ಗೊತ್ತಿತ್ತು.

ಈಗ ನನ್ನ ಸರದಿ. ಹೇಳದೆ ಇರುವಂತಿರಲಿಲ್ಲ.

"ಆ ಗಾಣದಣ್ಣನ್ ಎಣ್ಣೆ ಚೆನ್ನಾಗಿತ್ತು ಅತ್ತೆ," ಎಂದೆ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡೆ. ಅವರು ರಾಗಿಯಲ್ಲಿ ಬೆರಳಾಡಿಸುತ್ತಾ ಕೂತರು. ನಾನು ಬಸುರಿ ಎಂದು ತಿಳಿದ ದಿನವೇ ತಮಗೆ ಅನುಮಾನ ಬಂದಿತ್ತು, ಅಂದು ನನ್ನ ಮುಖ ಹಾಗಾದದ್ದು ಯಾತಕ್ಕೆ ಎಂದು ಲೆಕ್ಕ ಹಾಕಿದ್ದಾಗಿ ಹೇಳಿದರು. ಕೇಳಿದರೆ ತಮ್ಮ ಗುಟ್ಟು ಹೊರಬೀಳುತ್ತದೆ ಎಂದು ನನ್ನನ್ನು ಕೇಳಿರಲಿಲ್ಲ.

"ನೀನೂ ಏಳ್ಲಿಲ್ಲ, ನಾನೂ ಏಳ್ಲಿಲ್ಲ," ಎಂದರು ಕೊನೆಗೆ. "ಆವಯ್ಯ ಬಿಸಿಲಲ್ಲಿ ಎಂಟು ಡಬ್ಬ ಒತ್ಕೊಂಡು ವಾಪಸ್ ಓದ."

ಆ ಶುಕ್ರವಾರ ಅತ್ತೆ ಕಾಮಸಮುದ್ರಕ್ಕೆ ಹೊರಟರು. ನಾನೂ ಬರುತ್ತೇನೆ ಎಂದೆ. ಐದು ತಿಂಗಳು, ಬಸ್ಸು ಕುಲುಕುತ್ತದೆ, ಬೇಡ ಎಂದರು ಯಜಮಾನರು. ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಹಿಡಿದು ಕೂತಿದ್ದರು.

ಊರಾಚೆ, ಎರಡು ದೊಡ್ಡ ಹೊಂಗೆ ಮರಗಳ ನೆರಳಿನಲ್ಲಿ ಗಾಣ. ಕಣ್ಣಿಗೆ ಪಟ್ಟಿ ಕಟ್ಟಿದ ಎತ್ತು ಸುತ್ತುತ್ತಿತ್ತು. ಹಿಂಡಿಗೆಂದು ಬಂದಿದ್ದ ಇಬ್ಬರು ರೈತರು ಕಲ್ಲಿನ ಮೇಲೆ ಕೂತಿದ್ದರು. ಗಾಣದವರ ಹೆಂಡತಿ ನಮ್ಮನ್ನು ನೋಡಿ, ಒಳಗೆ ಹೋಗಿ ಎರಡು ಚೊಂಬು ನೀರು ತಂದಿಟ್ಟರು. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ. ಗಾಣದವರು ಎತ್ತಿನ ಹಿಂದೆ ನಡೆಯುವುದನ್ನು ನಿಲ್ಲಿಸಲಿಲ್ಲ.

ಒಳಗೆ ಹೋಗಿ ಮಾತಾಡೋಣ ಎಂದು ಅತ್ತೆಯ ಸೆರಗು ಹಿಡಿದೆ. ಅವರು ಅಲ್ಲೇ ನಿಂತರು.

"ಅವತ್ತು ನಾಕ್ ಜನದ್ ಮುಂದೆ ಅಂದಿದ್ದೆ, ಇವತ್ತೂ ನಾಕ್ ಜನದ್ ಮುಂದೇನೇ ಏಳ್ತೀನಿ. ನಿನ್ ಎಣ್ಣೆ ಚೆನ್ನಾಗಿತ್ತಪ್ಪ. ನನ್ ಮೂಗು ಸತ್ತೋಗೈತೆ. ತಪ್ಪು ಮಾತಾಡ್ಬಿಟ್ಟೆ."

ಎತ್ತು ಇನ್ನೂ ಒಂದು ಸುತ್ತು ಬಂತು. ಆಮೇಲೆ ಗಾಣದವರು ಅದನ್ನು ನಿಲ್ಲಿಸಿ, ನೊಗದ ಮೇಲೆ ಕೈಯಿಟ್ಟುಕೊಂಡು ನಿಂತರು.

"ನನ್ ಎಣ್ಣೆ ಚೆನ್ನಾಗಿತ್ತು ಅಂತ ನಂಗೊತ್ತಿತ್ತು ಅಕ್ಕಯ್ಯ," ಎಂದರು. "ನಿಂಗೆ ಗೊತ್ತಾಗ್ಲಿಲ್ವಲ್ಲ, ಅದೇ ಬೇಜಾರು."

ತಪ್ಪು ನನ್ನದೂ ಇದೆ, ಅಂದು ನನಗೆ ಎಣ್ಣೆಯ ಗುಣ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದು ನಾನು ಹೇಳಿದೆ. ಅವರು ನನ್ನ ಕಡೆ ನೋಡಿದರು. ಮಾತಾಡಿದವರು ಅವರ ಹೆಂಡತಿ. ಬಾಗಿಲ ಚೌಕಟ್ಟಿಗೆ ಒರಗಿ, ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡುತ್ತಾ, ದನಿ ಏರಿಸದೆ ಕೇಳಿದರು.

"ಗೊತ್ತಿದ್ದೂ ಸುಮ್ಕಿದ್ಯಾ?"

ಅದಕ್ಕೆ ಉತ್ತರವಾಗಿ ನಾನು ಇಂದಿನವರೆಗೂ ಹಲವು ಮಾತು ಹೊಂದಿಸಿದ್ದೇನೆ. ವಯಸ್ಸು ಚಿಕ್ಕದು, ಹೊಸ ಮನೆ, ಹಿರಿಯರ ಮುಂದೆ ಬಾಯಿ ಬಿಡಬಾರದೆಂದು ಕಲಿಸಿದ ತವರು. ಎಲ್ಲವೂ ನಿಜ. ಆದರೆ ಆ ಹೆಂಗಸಿನ ಎದುರು ಒಂದೂ ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿ ಹೂಂ ಎಂದೆ.

ವಾಪಸು ತಂದ ಆ ಎಣ್ಣೆಯನ್ನು ಗಾಣದವರು ರಾಜ್ಯದ ಗಡಿಯಾಚೆ ಚರ್ಮ ಹದಮಾಡುವವರಿಗೆ ಕೊಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಯಾಕೆ ವಾಪಸು ಎಂದು ಕೇಳಿದವರಿಗೆ, ಈ ಸಲ ಅಕ್ಕಯ್ಯನಿಗೆ ಬೇಡವಂತೆ ಎಂದಷ್ಟೇ ಹೇಳಿದ್ದರಂತೆ. ಬೆರಕೆಯ ಮಾತನ್ನು ತಾವಾಗಿ ಯಾರಿಗೂ ಆಡಿರಲಿಲ್ಲ. ನಾವು ಹೊರಡುವಾಗ, ಮನೆಗೆಂದು ಇಟ್ಟುಕೊಂಡಿದ್ದರಲ್ಲಿ ಎರಡು ಡಬ್ಬ ಕೊಟ್ಟರು. ಕೊಟ್ಟು, ಇನ್ನು ಮೇಲೆ ಎಣ್ಣೆ ಬೇಕಾದರೆ ಇಲ್ಲಿಗೇ ಬಂದು ತಗೊಂಡು ಹೋಗಿ, ನಾನು ಅಲ್ಲಿಗೆ ತರುವುದಿಲ್ಲ ಎಂದರು. ಕೋಪದಿಂದ ಹೇಳಿದ ಹಾಗೆ ಕೇಳಲಿಲ್ಲ. ಯೋಚಿಸಿ ತೀರ್ಮಾನಿಸಿದ್ದನ್ನು ತಿಳಿಸಿದ ಹಾಗಿತ್ತು. ಅತ್ತೆ ಆಗಲಿ ಎಂದರು.

ಮಂಡಿಯ ಎಣ್ಣೆಯಲ್ಲಿ ಉಳಿದದ್ದನ್ನು ಸೋಪಿಗೆ ಬಳಸಲಿಲ್ಲ. ತವರಿನ ತೋಟಕ್ಕೆ ಕಳಿಸಿದೆವು, ಹುಳ ಬಿದ್ದ ಗಿಡಕ್ಕೆ ಹೊಡೆಯಲು. ಚುಕ್ಕೆ ಬಿದ್ದ ಸೋಪನ್ನು ಶೆಡ್ಡಿನ ನೆಲ ಉಜ್ಜಲು ಇಟ್ಟುಕೊಂಡೆವು. ಲೈನಿನ ಹೆಂಗಸರು ಮತ್ತೆ ನಮ್ಮ ಸೋಪು ಹಿಡಿಯುವುದಕ್ಕೆ ಒಂದು ವರ್ಷವೇ ಬೇಕಾಯಿತು.

ಕಾಮಸಮುದ್ರದಿಂದ ಬಂದ ಮಾರನೆಯ ದಿನ ಅತ್ತೆ ಎಣ್ಣೆ ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟು, ಶೆಡ್ಡಿನ ಹೆಂಗಸರನ್ನೂ ಮಗನನ್ನೂ ಕರೆದು ವಿಷಯ ತಿಳಿಸಿದರು. ಇನ್ನು ಮೂಸುವವಳು ಇವಳು ಎಂದರು. ತಾವು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಒಳಗಿನಿಂದ ಜೋರಾಗಿ ಹೇಳಬೇಕು: ಇದು ಸರಿಯಿದೆ, ಇದರಲ್ಲಿ ಸ್ವಲ್ಪ ಹುಳಿ ಇದೆ, ಇದನ್ನು ಈ ತಿಂಗಳೇ ಮುಗಿಸಬೇಕು. ಬರೀ ಚೆನ್ನಾಗಿದೆ ಎಂದರೆ ಅವರಿಗೆ ಸಾಲದು. ಹೇಗೆ ಚೆನ್ನಾಗಿದೆ, ಯಾವುದರ ಹಾಗಿದೆ ಎಂದು ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿ ನನಗೆ ವಾಸನೆಗಳಿಗೆ ಮಾತು ಹುಡುಕುವ ಅಭ್ಯಾಸವಾಯಿತು. ಇಪ್ಪೆ ಎಣ್ಣೆ ಕೆಡುವ ಮುನ್ನ ಹಳೆಯ ಬೆಲ್ಲದ ಮಡಕೆಯ ಹಾಗೆ ಇರುತ್ತದೆ. ಕೊಬ್ಬರಿ ಎಣ್ಣೆ ಕೆಡತೊಡಗಿದರೆ ತಲೆದಿಂಬಿನ ವಾಸನೆ. ಹೊಂಗೆ ಕೆಟ್ಟರೆ ಅದರ ಕಹಿ ಗಂಟಲಿಗೆ ಇಳಿಯದೆ ಮೂಗಿನ ತುದಿಯಲ್ಲೇ ನಿಲ್ಲುತ್ತದೆ.

ಜನವರಿಯಲ್ಲಿ ಮಗಳು ಹುಟ್ಟಿದಳು. ತವರಿನಿಂದ ಮೂರು ತಿಂಗಳಿಗೆ ಅವಳನ್ನು ಕರೆದುಕೊಂಡು ಬಂದಾಗ ಅತ್ತೆ ಎಣ್ಣೆ ನೀರು ಹಾಕಿ, ಒರೆಸಿ, ಮಡಿಲಲ್ಲಿ ಮಲಗಿಸಿಕೊಂಡರು. ಮೂಗನ್ನು ಮಗುವಿನ ನೆತ್ತಿಗೆ ಒತ್ತಿ ಹಿಡಿದು ಸುಮ್ಮನೆ ಕೂತಿದ್ದರು. ಆಮೇಲೆ ತಲೆಯೆತ್ತದೆ ಕೇಳಿದರು.

"ಎಂಗೈತೆ ವಾಸ್ನೆ, ಏಳು."

ನಾನು ಬಗ್ಗಿ ಮೂಸಿದೆ. ಏನು ಹೇಳಲಿ? ಕಾಯಿಸಿ ಆರಿಸಿದ ಹಾಲಿನ ಹಾಗೆ ಎಂದೆ. ಅವರು ಇನ್ನೂ ಎಂದರು. ಸಾಂಬ್ರಾಣಿ ಸ್ವಲ್ಪ, ಹರಳೆಣ್ಣೆ ಸ್ವಲ್ಪ, ಬಿಸಿಲಿಗೆ ಹಾಕಿ ಮಡಚಿಟ್ಟ ಹತ್ತಿ ಬಟ್ಟೆಯ ಹಾಗೆ ಎಂದೆ. ಅವರು ಕಣ್ಣು ಮುಚ್ಚಿಕೊಂಡು, ನಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ಒಳಗೆ ಜೋಡಿಸಿಕೊಳ್ಳುವವರಂತೆ ತಲೆಯಾಡಿಸಿದರು. ಅಲ್ಲಿಯ ತನಕ ನನಗೆ ಅವರ ಮೇಲೆ ಒಂದು ಸಣ್ಣ ಸಿಟ್ಟು ಉಳಿದಿತ್ತು, ನನ್ನ ಮುಖವನ್ನು ಹೇಳದೆ ಕೇಳದೆ ಬಳಸಿಕೊಂಡರಲ್ಲ ಎಂದು. ಅಂದು ಅದು ಹೋಯಿತು.

ವರ್ಷಕ್ಕೊಮ್ಮೆ ನಾನೂ ಯಜಮಾನರೂ ಕಾಮಸಮುದ್ರಕ್ಕೆ ಹೋಗಿ ಎಣ್ಣೆ ತರುತ್ತಿದ್ದೆವು. ಗಾಣದವರು ನನ್ನ ಮುಂದೆಯೇ ಡಬ್ಬ ತುಂಬುತ್ತಿದ್ದರು. ನಾನು ಮೂಸಿ, ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೆ. ಒಂದು ವರ್ಷ ಬೀಜ ಮಳೆಗೆ ಸಿಕ್ಕಿ ಎಣ್ಣೆಗೆ ಮುಗ್ಗಲು ಬಂದಿತ್ತು, ಅದನ್ನೂ ಹೇಳಿದೆ. ಅವರು ಹೌದೆಂದು ಒಪ್ಪಿ ಬೇರೆ ಡಬ್ಬ ತೆಗೆದರು. ಅವರ ಹೆಂಡತಿ ಬರಬರುತ್ತಾ ಮಾತಾಡುವಂತಾದರು, ಮಗಳಿಗೆ ಸೀಬೆಹಣ್ಣು ಕೊಡುತ್ತಿದ್ದರು. ಆದರೆ ಡಬ್ಬಗಳನ್ನು ನಮ್ಮವರೇ ಹೊತ್ತು ಬಸ್ಸಿಗೆ ಹಾಕಬೇಕು. ಗಾಣದವರು ಮರದ ನೆರಳು ದಾಟಿ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಸೋಪಿನ ಪುಡಿಯ ಸಣ್ಣ ಪೊಟ್ಟಣಗಳು ಎಲ್ಲ ಅಂಗಡಿಗಳಲ್ಲೂ ನೇತಾಡತೊಡಗಿದವು. ಗಣಿಯಲ್ಲೂ ಕೆಲಸ ಕಡಿಮೆಯಾಗುತ್ತಾ ಬಂದಿತ್ತು. ಒಗೆಯಬೇಕಾದ ಅಂಗಿಗಳೇ ಕಡಿಮೆ. ಯಜಮಾನರು ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದರು. ಇನ್ನು ಶೆಡ್ಡು ನಿಲ್ಲಿಸೋಣ ಎಂದು ಅತ್ತೆಯೇ ಹೇಳಿದರು.

ಮುಂದಿನ ವರ್ಷದಿಂದ ಎಣ್ಣೆ ಬೇಡ ಎಂದು ತಿಳಿಸಲು ನಾನೊಬ್ಬಳೇ ಕಾಮಸಮುದ್ರಕ್ಕೆ ಹೋದೆ. ಗಾಣಕ್ಕೆ ಆಗ ಮೋಟಾರು ಬಂದಿತ್ತು, ಎತ್ತು ಇರಲಿಲ್ಲ. ಗಾಣದವರಿಗೆ ವಯಸ್ಸಾಗಿತ್ತು. ಪೂರ್ತಿ ಕೇಳಿಸಿಕೊಂಡು, ಅಕ್ಕಯ್ಯ ಹೇಗಿದ್ದಾರೆ ಎಂದು ಕೇಳಿದರು. ಮಂಡಿನೋವು, ನಡೆಯಲಾರರು ಎಂದೆ. ನಾನು ಹೊರಟು ನಿಂತಾಗ ಅವರು ಒಳಗೆ ಹೋಗಿ ಒಂದು ಚಿಕ್ಕ ಡಬ್ಬ ತುಂಬಿ, ಬಟ್ಟೆ ಕಟ್ಟಿಕೊಂಡು ಬಂದರು. ಕೈ ಚಾಚಿದೆ. ಕೊಡಲಿಲ್ಲ. ಅದನ್ನು ಹೆಗಲ ಮೇಲಿಟ್ಟುಕೊಂಡು ನನ್ನ ಮುಂದೆ ಮುಂದೆ ಬಸ್ ನಿಲ್ದಾಣದ ತನಕ ನಡೆದರು. ಬಸ್ಸು ಬಂದ ಮೇಲೆ ಹತ್ತಿ, ನನ್ನ ಸೀಟಿನ ಕೆಳಗೆ ಉರುಳದಂತೆ ಇಟ್ಟು, ಮುಚ್ಚಳ ಒಮ್ಮೆ ಮುಟ್ಟಿ ನೋಡಿ ಇಳಿದರು.

ಮನೆಗೆ ಬಂದು ಅದನ್ನು ಅತ್ತೆಯ ಮುಂದಿಟ್ಟೆ. ಬಸ್ಸಿನ ತನಕ ಅವನೇ ಹೊತ್ತು ತಂದನೇ ಎಂದು ಎರಡು ಸಲ ಕೇಳಿದರು. ಹೌದೆಂದೆ. ಅದರಲ್ಲಿ ನಾವು ಸೋಪು ಮಾಡಲಿಲ್ಲ. ಅತ್ತೆ ಸಂಜೆ ಹೊತ್ತು ಅದನ್ನು ಬೆಚ್ಚಗೆ ಮಾಡಿಸಿಕೊಂಡು ಮಂಡಿಗೆ ತಿಕ್ಕಿಸಿಕೊಳ್ಳುತ್ತಿದ್ದರು. ಮಳೆಗಾಲ ಮುಗಿಯುವ ತನಕ ಬಂತು.